ಕಾಲೇಜಿನ ಬಗ್ಗೆ ಓದಲು ಕಾಲೇಜಿಗೆ: ಅಮೆರಿಕದ ಹೈಯರ್ ಎಜುಕೇಶನ್ ಪದವಿಗಳಲ್ಲಿ ಯಾವುದು ಯಾರಿಗೆ?

ಅಮೆರಿಕಕ್ಕೆ ಬಂದ ಮೊದಲ ತಿಂಗಳಲ್ಲಿ ಹಾಸನದಿಂದ ಸೋದರಮಾವ ಫೋನ್ ಮಾಡಿದ್ದರು. "ಏನಪ್ಪಾ ಓದ್ತಿರೋದು ಅಲ್ಲಿ?" "ಹೈಯರ್ ಎಜುಕೇಶನ್ ಮಾವ." "ಅದು ಗೊತ್ತಯ್ಯ, ಹೈಯರ್ ಎಜುಕೇಶನ್‌ಗೆ ಅಂತಲೇ ಅಲ್ವಾ ಅಷ್ಟು ದೂರ ಹೋಗಿರೋದು. ಸಬ್ಜೆಕ್ಟ್ ಯಾವುದು ಅಂತ ಕೇಳಿದ್ದು." ಸಬ್ಜೆಕ್ಟೇ ಅದು ಎಂದು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. "ಕಾಲೇಜಿನ ಬಗ್ಗೆ ಓದೋಕೆ ಕಾಲೇಜಿಗೆ ಸೇರಿದ್ದಾನಂತೆ ಕಣೇ" ಎಂದು ಅವರು ಅತ್ತೆಗೆ ಹೇಳಿದ್ದು ನನಗೂ ಕೇಳಿಸಿತು.

ಅತ್ತೆಗೆ ಆಶ್ಚರ್ಯವಾದರೂ ಇಲ್ಲಿ ಇದು ಹಳೆಯ ಕಸುಬು. ಮ್ಯಾಸಚೂಸೆಟ್ಸ್‌ನ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಜಿ. ಸ್ಟ್ಯಾನ್ಲಿ ಹಾಲ್ 1893ರಲ್ಲೇ ಉನ್ನತ ಶಿಕ್ಷಣದ ಬಗ್ಗೆ ಒಂದು ಕೋರ್ಸ್ ನಡೆಸಿದ್ದರು. ಈಗ ಮಿಷಿಗನ್, ಇಂಡಿಯಾನಾ, ಪೆನ್ ಸ್ಟೇಟ್, ಯುಸಿಎಲ್ಎ, ಜಾರ್ಜಿಯಾ, ವ್ಯಾಂಡರ್‌ಬಿಲ್ಟ್, ಬೌಲಿಂಗ್ ಗ್ರೀನ್ ಎಂದು ದೊಡ್ಡ ಪಟ್ಟಿಯೇ ಇದೆ. ಕೇಳಿಕೊಂಡು ಬರುವ ಕನ್ನಡಿಗರು ಮೂರು ಥರ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಿ ಮಾಡಿ, ವ್ಯವಸ್ಥೆಯೇ ಯಾಕೆ ಹೀಗಿದೆ ಎಂದು ತಲೆ ಕೆಡಿಸಿಕೊಂಡವರು. ಸಂಗಾತಿಯ ಕೆಲಸದ ಬೆನ್ನಿಗೆ ಎಚ್-4 ವೀಸಾದಲ್ಲಿ ಬಂದು ಮನೆಯಲ್ಲಿ ಕೂತವರು. ಇಲ್ಲಿನ ವಿಶ್ವವಿದ್ಯಾಲಯದ ಯಾವುದೋ ಆಫೀಸಿನಲ್ಲಿ ಕೆಲಸ ಸಿಕ್ಕಿ, "ಟ್ಯೂಷನ್ ಬೆನಿಫಿಟ್ ದಂಡವಾಗೋದು ಬೇಡ" ಎಂದು, ನೌಕರರಿಗೆ ಸಿಗುವ ಆ ಫೀಸು ರಿಯಾಯಿತಿಯಲ್ಲಿ ಓದಲು ಹೊರಟವರು. ಮೂವರಿಗೂ ಒಂದೇ ಉತ್ತರ ಕೊಡಲಾಗದು. ಆದರೆ ಶುರು ಮಾಡುವ ಜಾಗ ಮಾತ್ರ ಮೂವರಿಗೂ ಒಂದೇ.

ಪದವಿಗಿಂತ ಮೊದಲು ಒಂದೇ ಒಂದು ಕೋರ್ಸ್

ಎಂ.ಎಡ್. ಆಗಲಿ ಪಿಎಚ್.ಡಿ. ಆಗಲಿ, ಮೊದಲ ಸೆಮಿಸ್ಟರಿನಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದು ಪೀಠಿಕೆಯ ಕೋರ್ಸ್ ಇರುತ್ತದೆ: ಅಮೆರಿಕದ ಉನ್ನತ ಶಿಕ್ಷಣ, ಅದರ ಚರಿತ್ರೆ, ರಚನೆ, ಇವತ್ತಿನ ಸಮಸ್ಯೆಗಳು. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಸೇರದೆಯೂ ಇದೊಂದನ್ನು ಮಾತ್ರ ತೆಗೆದುಕೊಳ್ಳಬಹುದು. ಎಚ್-4ನಲ್ಲಿರುವವರಿಗೆ ಓದಲು ಅಡ್ಡಿಯಿಲ್ಲ. ಆಮೇಲೆ ಪದವಿಗೆ ಸೇರಿದರೆ ಕ್ರೆಡಿಟ್ ಸೇರಿಸಿಕೊಳ್ಳುತ್ತಾರೆಯೇ ಎಂದು ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ. ನನ್ನ ಸಲಹೆ ಇಷ್ಟೆ: ಈ ಕೋರ್ಸಿನ ಯಾವ ವಾರದ ಓದು ನಿಮ್ಮನ್ನು ರಾತ್ರಿ ಎಚ್ಚರವಾಗಿ ಕೂರಿಸಿತು ಎಂದು ನೋಡಿಕೊಳ್ಳಿ. ನೀವು ಯಾವ ಪದವಿ ಮಾಡಬೇಕೆಂದು ಆ ವಾರವೇ ಹೇಳುತ್ತದೆ. ರ‍್ಯಾಂಕಿಂಗ್ ಪಟ್ಟಿಗೆ ಅದು ತಿಳಿಯುವುದಿಲ್ಲ.

ಚರಿತ್ರೆಯ ವಾರಗಳಲ್ಲಿ 1636ರ ಹಾರ್ವರ್ಡ್ ಬರುತ್ತದೆ. ಖಾಸಗಿ ಕಾಲೇಜಿನ ಸನ್ನದು ಒಂದು ಕರಾರು, ರಾಜ್ಯ ಸರ್ಕಾರ ಅದನ್ನು ಮುರಿಯುವಂತಿಲ್ಲ ಎಂದ 1819ರ ಡಾರ್ಟ್‌ಮತ್ ತೀರ್ಪು ಬರುತ್ತದೆ. ಅಂತರ್ಯುದ್ಧದ ನಡುವೆ 1862ರಲ್ಲಿ ಲಿಂಕನ್ ಸಹಿ ಹಾಕಿದ ಮೋರಿಲ್ ಕಾಯ್ದೆಯ ಹತ್ತಿರ ನಾನು ನಿಂತುಬಿಟ್ಟೆ. ರಾಜ್ಯಗಳಿಗೆ ಭೂಮಿ ಕೊಟ್ಟು, ಅದನ್ನು ಮಾರಿ ಬಂದ ಹಣದಲ್ಲಿ ಕೃಷಿ, ಎಂಜಿನಿಯರಿಂಗ್ ಕಲಿಸುವ ಕಾಲೇಜು ಮಾಡಿ ಎಂದ ಕಾನೂನು ಅದು. ಆ ಭೂಮಿ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. 1890ರ ಎರಡನೇ ಕಾಯ್ದೆಯಿಂದ ದಕ್ಷಿಣದಲ್ಲಿ ಕಪ್ಪು ಜನರಿಗೆ ಬೇರೆಯೇ ಕಾಲೇಜುಗಳಾದವು. ಅದನ್ನು ಓದುವಾಗ ನನಗೆ ನೆನಪಾದದ್ದು ಹೆಬ್ಬಾಳ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಶುರುವಾದದ್ದು ಇದೇ ಲ್ಯಾಂಡ್ ಗ್ರಾಂಟ್ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನಿಂದ. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆನ್ನುವುದು ಆ ಮಾದರಿ. ಜಿಕೆವಿಕೆಯ ಕೃಷಿಮೇಳದಲ್ಲಿ ರೈತರು ಸಾಲುಗಟ್ಟಿ ರಾಗಿ ತಳಿ ನೋಡುತ್ತಾರಲ್ಲ, ಅದರ ಒಂದು ಬೇರು ಇಲ್ಲಿದೆ.

ಆಮೇಲೆ ಸೈನಿಕರನ್ನು ಕಾಲೇಜಿಗೆ ಕಳಿಸಿದ 1944ರ ಜಿಐ ಬಿಲ್. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗ ಒಂದು ಥರದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ, ಮೂರನೇ ಒಂದು ಭಾಗ ಇನ್ನೊಂದು ಥರದ್ದಕ್ಕೆ, ಮಿಕ್ಕವರಿಗೆಲ್ಲ ಎರಡು ವರ್ಷದ ಕಮ್ಯುನಿಟಿ ಕಾಲೇಜು ಎಂದು ಹಂಚಿದ ಕ್ಯಾಲಿಫೋರ್ನಿಯಾದ 1960ರ ಮಾಸ್ಟರ್ ಪ್ಲಾನ್. ವಯಸ್ಸಿಗೆ ಬಂದವರಲ್ಲಿ ಕಾಲೇಜಿಗೆ ಹೋಗುವವರು ನೂರಕ್ಕೆ 15 ದಾಟುವವರೆಗೆ ಅದು ಗಣ್ಯರ ಶಿಕ್ಷಣ, 50ರವರೆಗೆ ಜನಸಮೂಹದ್ದು, ಅಲ್ಲಿಂದಾಚೆ ಸಾರ್ವತ್ರಿಕ ಎಂದ ಸಮಾಜಶಾಸ್ತ್ರಜ್ಞ ಮಾರ್ಟಿನ್ ಟ್ರೋ. ಈ ವಾರಗಳಲ್ಲಿ ನೀವು ಮುಳುಗಿಹೋದರೆ ನಿಮ್ಮದು ಸಂಶೋಧಕನ ಜಾತಕ, ಪಿಎಚ್.ಡಿ. ಕಡೆ ನೋಡಿ.

ಆಡಳಿತದ ವಾರದಲ್ಲಿ ನಮ್ಮವರು ಎಡವುತ್ತಾರೆ. "ಇಲ್ಲಿನ ಯುಜಿಸಿ ಯಾವುದು?" ಎಂದು ನಾನು ಕ್ಲಾಸಿನಲ್ಲಿ ಕೇಳಿದಾಗ ಪ್ರೊಫೆಸರ್ ನಕ್ಕರು. ಅಂಥದ್ದೊಂದು ಇಲ್ಲವೇ ಇಲ್ಲ. ಸಂವಿಧಾನದಲ್ಲಿ ಶಿಕ್ಷಣದ ಮಾತೇ ಇಲ್ಲದ್ದರಿಂದ ಅದು ರಾಜ್ಯಗಳ ಪಾಲು. ಗುಣಮಟ್ಟ ನೋಡುವುದು ಖಾಸಗಿ ಮಾನ್ಯತಾ ಸಂಘಗಳು. ಕೇಂದ್ರದ ಕೈಯಲ್ಲಿರುವುದು ದುಡ್ಡು: 1965ರ ಹೈಯರ್ ಎಜುಕೇಶನ್ ಆಕ್ಟ್, ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಗ್ರಾಂಟ್, ವಿದ್ಯಾರ್ಥಿ ಸಾಲ. ಮಾನ್ಯತೆ ಇಲ್ಲದಿದ್ದರೆ ಆ ದುಡ್ಡು ಬಾರದು. ಹೀಗೆ ಮೂರೂ ಒಂದರ ಕಾಲಿಗೆ ಒಂದು ಕಟ್ಟಿಕೊಂಡಿವೆ.

ಇವತ್ತಿನ ಸಮಸ್ಯೆಗಳು ಎಂಬ ಭಾಗವನ್ನು ಈಗ ಪಾಠ ಮಾಡುವವರ ಕಷ್ಟ ಯಾರಿಗೂ ಬೇಡ; ಆಗಸ್ಟ್‌ನಲ್ಲಿ ಬರೆದ ಸಿಲಬಸ್ ಅಕ್ಟೋಬರಿಗೆ ಹಳಸಿರುತ್ತದೆ. 2023ರ ಜೂನ್ 29ರಂದು ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ತಡೆಯಿತು, ಮರುದಿನವೇ ಬೈಡನ್ ಅವರ ವಿದ್ಯಾರ್ಥಿ ಸಾಲಮನ್ನಾ ಯೋಜನೆಯನ್ನು ಹೊಡೆದುಹಾಕಿತು. ಕೇಂದ್ರದ ವಿದ್ಯಾರ್ಥಿ ಸಾಲವೇ ಸುಮಾರು 1.6 ಲಕ್ಷ ಕೋಟಿ ಡಾಲರ್, ಹೊತ್ತವರು 4 ಕೋಟಿಗೂ ಹೆಚ್ಚು ಜನ. 2008ರ ಆರ್ಥಿಕ ಕುಸಿತದ ನಂತರ ಮಕ್ಕಳು ಹುಟ್ಟಿದ್ದೇ ಕಡಿಮೆ. ಹದಿನೆಂಟು ವರ್ಷದ ಬಳಿಕ ಈಗ ಆ ಖಾಲಿ ಬೆಂಚುಗಳು ಕಾಲೇಜಿನ ಬಾಗಿಲಿಗೆ ಬಂದಿವೆ. ಸಣ್ಣ ಕಾಲೇಜುಗಳು ಮುಚ್ಚುತ್ತಿವೆ. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದ ಆರ್ಟ್ಸ್ 2024ರ ಮೇ 31ರಂದು ಸುದ್ದಿ ಹೇಳಿ ಜೂನ್ 7ಕ್ಕೆ ಬಾಗಿಲು ಹಾಕಿತು, ಒಂದೇ ವಾರ. 2025ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ 40 ಕೋಟಿ ಡಾಲರ್, ಹಾರ್ವರ್ಡ್‌ನ 220 ಕೋಟಿ ಡಾಲರ್ ಸಂಶೋಧನಾ ಹಣಕ್ಕೆ ಕೇಂದ್ರ ಸರ್ಕಾರ ಕತ್ತರಿ ಹಿಡಿಯಿತು. ಶಿಕ್ಷಣ ಇಲಾಖೆಯನ್ನೇ ಮುಚ್ಚುವ ದಾರಿ ಹಿಡಿಯಿರಿ ಎಂಬ ಅಧ್ಯಕ್ಷರ ಆದೇಶ ಅದೇ ವರ್ಷದ ಮಾರ್ಚ್ 20ರಂದು ಬಂತು. ಇದನ್ನೆಲ್ಲ ಓದಿ ನಿಮಗೆ ಸಿಟ್ಟು ಬಂದರೆ ಬರಲಿ, ಸಿಟ್ಟಿನ ಬದಲು "ಈ ಲೆಕ್ಕ ಎಲ್ಲಿಂದ ಬಂತು?" ಎಂಬ ಪ್ರಶ್ನೆ ಬಂದರೆ ಮುಂದೆ ಹೇಳುವ ನೀತಿಯ ಎಂ.ಎ. ನಿಮ್ಮದು.

ಸ್ಟೂಡೆಂಟ್ ಅಫೇರ್ಸ್: ವಿದ್ಯಾರ್ಥಿಯ ಪಕ್ಕದ ಕುರ್ಚಿ

ಎರಡು ವರ್ಷದ ಎಂ.ಎಡ್., ಕೆಲವು ಕಡೆ ಎಂ.ಎ. ಅಥವಾ ಎಂ.ಎಸ್. ಎಂದೂ ಕರೆಯುತ್ತಾರೆ, ಹೆಸರು ನಂಬಬೇಡಿ, ಕೋರ್ಸ್ ಪಟ್ಟಿ ನೋಡಿ. ವಿದ್ಯಾರ್ಥಿ ಬೆಳವಣಿಗೆಯ ಸಿದ್ಧಾಂತ, ಕೌನ್ಸೆಲಿಂಗ್, ಕಾನೂನು, ಇಂಟರ್ನ್‌ಶಿಪ್ ತುಂಬಿದ್ದರೆ ಅದು ಇದೇ. ಮುಗಿಸಿದವರು ಹಾಸ್ಟೆಲ್ ಆಡಳಿತ, ಅಡ್ವೈಸಿಂಗ್, ಓರಿಯೆಂಟೇಶನ್, ಕರಿಯರ್ ಸರ್ವಿಸಸ್‌ಗೆ ಹೋಗುತ್ತಾರೆ.

ನಮ್ಮಲ್ಲಿ ಹಾಸ್ಟೆಲ್ ವಾರ್ಡನ್ ಅಂದರೆ ಗೇಟಿನ ಬೀಗ. ಇಲ್ಲಿ ಅದು ಪದವಿ ಬೇಡುವ ವೃತ್ತಿ. ನನ್ನ ಅಸಿಸ್ಟೆಂಟ್‌ಶಿಪ್, ಅಂದರೆ ಫೀಸು ಮಾಫಿಗೆ ಬದಲಾಗಿ ಕ್ಯಾಂಪಸ್ಸಿನಲ್ಲಿ ಮಾಡುವ ಕೆಲಸ, ಇದ್ದದ್ದು ನಾನೂರು ಮಕ್ಕಳ ಒಂದು ಹಾಸ್ಟೆಲಿನಲ್ಲಿ. ಫೆಬ್ರವರಿಯ ಒಂದು ರಾತ್ರಿ ಎರಡೂವರೆಗೆ ಫೈರ್ ಅಲಾರ್ಮ್ ಕೂಗಿತು. ಯಾರೋ ಮೈಕ್ರೋವೇವಿನಲ್ಲಿ ನೀರಿಲ್ಲದೆ ನೂಡಲ್ಸ್ ಇಟ್ಟಿದ್ದ. ಪೈಜಾಮದ ಮೇಲೆ ಕೋಟು ಹಾಕಿಕೊಂಡು, ಹಿಮದಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ತಲೆ ಎಣಿಸುತ್ತಿದ್ದೆ. ಚಪ್ಪಲಿಯಲ್ಲೇ ಓಡಿಬಂದಿದ್ದ ಹುಡುಗಿಯೊಬ್ಬಳು ಗುಂಪಿನಿಂದ ದೂರ ನಿಂತಿದ್ದಳು. ಮಾತಾಡಿಸಿದರೆ, ಅಮ್ಮನಿಗೆ ಕೆಲಸ ಹೋಗಿದೆ, ಈ ವಾರವೇ ಕಾಲೇಜು ಬಿಡುತ್ತಿದ್ದೇನೆ ಎಂದಳು. ಬೆಳಿಗ್ಗೆ ಫೈನಾನ್ಷಿಯಲ್ ಏಡ್ ಆಫೀಸಿಗೆ ಅವಳ ಜೊತೆ ನಾನೂ ಹೋದೆ. ಮಕ್ಕಳು ಕಾಲೇಜು ಬಿಡುವುದರ ಬಗ್ಗೆ ವಿನ್ಸೆಂಟ್ ಟಿಂಟೊ ಕಟ್ಟಿದ ಸಿದ್ಧಾಂತದ ಮೇಲೆ ಅದೇ ವಾರ ನನಗೆ ಪ್ರೆಸೆಂಟೇಶನ್ ಇತ್ತು. ಕ್ಯಾಂಪಸ್ಸಿನ ಪಾಠಕ್ಕೂ ಒಡನಾಟಕ್ಕೂ ಹೊಂದಿಕೊಳ್ಳದವರು ಬಿಡುತ್ತಾರೆ ಎನ್ನುವುದು ಅದರ ತಿರುಳು. ಆ ಹುಡುಗಿ ಎಲ್ಲದಕ್ಕೂ ಹೊಂದಿಕೊಂಡಿದ್ದಳು, ಫೀಸಿಗೆ ಮಾತ್ರ ದುಡ್ಡಿರಲಿಲ್ಲ.

ಇಂಥ ರಾತ್ರಿ ಬೇಕು ಅನ್ನಿಸಿದರೆ ಸೇರಿ. ಸಂಬಳ ಮಾತ್ರ ಕಡಿಮೆ, ಸಾಫ್ಟ್‌ವೇರ್ ಸ್ನೇಹಿತರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ದಣಿದು ಬಿಟ್ಟುಹೋಗುವವರೂ ಬಹಳ. ವೈವಿಧ್ಯ, ಸಮಾನತೆಯ ಆಫೀಸುಗಳಲ್ಲಿ ಕೆಲಸ ಹುಡುಕೋಣ ಎಂದು ಬರುವವರು ರಾಜ್ಯ ನೋಡಿ ಬನ್ನಿ. ಟೆಕ್ಸಸ್‌ನಲ್ಲಿ 2024ರ ಜನವರಿ 1ರಿಂದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅಂಥ ಆಫೀಸೇ ಇರಕೂಡದು ಎಂದು ಕಾನೂನಿದೆ. ಬೇರೆ ರಾಜ್ಯಗಳೂ ಆ ಹಾದಿಯಲ್ಲಿವೆ.

ನೀತಿ ಮತ್ತು ಲೆಕ್ಕ

ಇನ್ನೊಂದು ಮಾಸ್ಟರ್ಸ್ ಇದೆ: ನೀತಿ, ಹಣಕಾಸು, ಸಂಸ್ಥೆಯ ಅಂಕಿಅಂಶ. ನಾನು ಕೊನೆಗೆ ನಿಂತದ್ದು ಇಲ್ಲಿ, ಹಾಗಾಗಿ ನನ್ನ ಮಾತಿನಲ್ಲಿ ಪಕ್ಷಪಾತ ಇರಬಹುದು, ಸೋಸಿಕೊಂಡು ಓದಿ.

ಪೀಠಿಕೆಯ ಕೋರ್ಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾಲೇಜು ಹಂಚಿ, ಐಪೆಡ್ಸ್ ಎಂಬ ಕೇಂದ್ರದ ದತ್ತಾಂಶದಿಂದ ಅದರ ಜಾತಕ ಬರೆಯಿರಿ ಅಂದಿದ್ದರು. ನನಗೆ ಬಂದದ್ದು ಹಳ್ಳಿ ಕಡೆಯ ಒಂದು ಕಮ್ಯುನಿಟಿ ಕಾಲೇಜು. ಪದವಿ ಮುಗಿಸಿದವರು ಕಾಲು ಭಾಗಕ್ಕೂ ಕಡಿಮೆ. "ರಿಸಲ್ಟ್ ತೀರಾ ಕಳಪೆ" ಎಂದು ನಮ್ಮೂರ ಪ್ರಿನ್ಸಿಪಾಲರ ಗತ್ತಿನಲ್ಲಿ ಬರೆದೆ. ಪ್ರೊಫೆಸರ್ ಅಡ್ಡ ಗೆರೆ ಎಳೆದು "ಯಾರನ್ನು ಎಣಿಸಿದ್ದಾರೆ?" ಎಂದಷ್ಟೇ ಬರೆದು ವಾಪಸ್ ಕೊಟ್ಟರು. ಹುಡುಕಿದೆ. ಆ ಲೆಕ್ಕದಲ್ಲಿ ಬರುವುದು ಜೀವನದಲ್ಲಿ ಮೊದಲ ಸಲ ಕಾಲೇಜಿಗೆ, ಅದೂ ಪೂರ್ಣಾವಧಿಗೆ ಸೇರಿದವರು ಮಾತ್ರ. ಅವರು ಅದೇ ಕಾಲೇಜಿನಲ್ಲಿ ನಿಗದಿತ ಅವಧಿಯ ಒಂದೂವರೆ ಪಟ್ಟಿನೊಳಗೆ ಮುಗಿಸಬೇಕು. ನರ್ಸಿಂಗ್ ಹೋಮಿನಲ್ಲಿ ದುಡಿಯುತ್ತ ಸೆಮಿಸ್ಟರಿಗೆ ಎರಡೇ ಕೋರ್ಸ್ ಓದುವ ತಾಯಿ ಆ ಲೆಕ್ಕದಲ್ಲಿಲ್ಲ. ಒಂದು ವರ್ಷ ಓದಿ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ಹಾರಿದ ಜಾಣ ಹುಡುಗನೂ ಮುಗಿಸಿದವರ ಸಾಲಿನಲ್ಲಿಲ್ಲ. ಕಾಲೇಜು ತನ್ನ ಕೆಲಸ ಮಾಡಿದ್ದಕ್ಕೇ ಅಂಕ ಕಳೆದುಕೊಂಡಿತ್ತು. ಪಾರ್ಟ್ ಟೈಮಿನವರನ್ನೂ ಹಿಡಿಯುವ ಬೇರೊಂದು ಅಳತೆಯನ್ನು ಆಮೇಲೆ ಸೇರಿಸಿದ್ದಾರೆ. ಆದರೂ ಪತ್ರಿಕೆಯ ತಲೆಬರಹಕ್ಕೆ ಬರುವುದು ಹಳೆಯದೇ.

ಈ ಲೆಕ್ಕ ಬಿಡಿಸಿದ ರಾತ್ರಿಯೇ ನಾನು ಹಾಸ್ಟೆಲ್ ಕೆಲಸದಿಂದ ಮನಸ್ಸು ಕಿತ್ತೆ. ಎಂಜಿನಿಯರಿಂಗ್, ಸ್ಟ್ಯಾಟಿಸ್ಟಿಕ್ಸ್, ಕಾಮರ್ಸ್ ಹಿನ್ನೆಲೆಯ ಕನ್ನಡಿಗರಿಗೆ ಈ ದಾರಿಯೇ ಹೆಚ್ಚು ಹೊಂದುತ್ತದೆ ಎಂದು ನನ್ನ ಅನುಭವ. ದತ್ತಾಂಶ ಜಾಲಾಡುವ ಎಸ್‌ಕ್ಯೂಎಲ್ ಭಾಷೆ ಬಲ್ಲವರು ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ. ಅಂಥವರು ಹೆಚ್ಚಾಗಿ ಈ ದಾರಿ ಇರುವುದೇ ಗೊತ್ತಿಲ್ಲದೆ ಬೇರೆಲ್ಲೋ ಸೇರಿಕೊಳ್ಳುತ್ತಾರೆ. ಒಂದು ಆತಂಕವನ್ನೂ ಹೇಳಬೇಕು. ಐಪೆಡ್ಸ್ ನೋಡಿಕೊಳ್ಳುವ ಕೇಂದ್ರ ಕಚೇರಿಯಲ್ಲಿ 2025ರ ಮಾರ್ಚ್‌ನ ಕಡಿತದ ನಂತರ ಬೆರಳೆಣಿಕೆಯ ಜನ ಉಳಿದರು. ನಾವು ಕುಡಿಯುವ ಬಾವಿಯ ಹಗ್ಗವೇ ಸವೆಯುತ್ತಿದೆ.

ಕಮ್ಯುನಿಟಿ ಕಾಲೇಜುಗಳೇ ಆಸಕ್ತಿಯಾದರೆ ಕೊಲಂಬಿಯಾದ ಟೀಚರ್ಸ್ ಕಾಲೇಜಿನಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಭಾರತವನ್ನೂ ಅಮೆರಿಕವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಆಸೆ ಇದ್ದರೆ ಫಿಲಿಪ್ ಆಲ್ಟ್‌ಬಾಕ್ 1995ರಲ್ಲಿ ಕಟ್ಟಿದ ಬಾಸ್ಟನ್ ಕಾಲೇಜಿನ ಅಂತಾರಾಷ್ಟ್ರೀಯ ಉನ್ನತ ಶಿಕ್ಷಣ ಕೇಂದ್ರ ನೋಡಿ. ಊರಿಗೆ ಮರಳುವ ಲೆಕ್ಚರರುಗಳಿಗೆ ಅದೇ ಮೇಲು.

ಎಡ್.ಡಿ.ಯೋ ಪಿಎಚ್.ಡಿ.ಯೋ

ಎರಡೂ ಹೆಸರಿನ ಹಿಂದೆ ಡಾಕ್ಟರ್ ಬರುತ್ತದೆ, ಅಲ್ಲಿಗೆ ಸಾಮ್ಯ ಮುಗಿಯಿತು. ಎಡ್.ಡಿ. (ಡಾಕ್ಟರ್ ಆಫ್ ಎಜುಕೇಶನ್) ಇರುವುದು ಈಗಾಗಲೇ ಕಾಲೇಜಿನಲ್ಲಿ ಕೆಲಸದಲ್ಲಿದ್ದು ಡೀನ್, ವೈಸ್ ಪ್ರೆಸಿಡೆಂಟ್ ಆಗಬೇಕೆನ್ನುವವರಿಗೆ. ವಾರಾಂತ್ಯದಲ್ಲಿ ಅಥವಾ ಆನ್‌ಲೈನಿನಲ್ಲಿ ತರಗತಿ, ಸಾಮಾನ್ಯವಾಗಿ ಮೂರು ವರ್ಷ, ಫೀಸು ನಿಮ್ಮ ಜೇಬಿನಿಂದ. ಪ್ರಬಂಧವೂ ನಿಮ್ಮ ಕೆಲಸದ ಜಾಗದ ಒಂದು ಸಮಸ್ಯೆಯ ಮೇಲೆ. ತಮಾಷೆಯೆಂದರೆ ಸುಮಾರು ನೂರು ವರ್ಷದ ಹಿಂದೆ ಈ ಪದವಿ ಹುಟ್ಟಿದ್ದು ಹಾರ್ವರ್ಡ್‌ನಲ್ಲಿ. ಹಾರ್ವರ್ಡೇ ಅದನ್ನು ಬಿಟ್ಟು 2014ರಲ್ಲಿ ಪಿಎಚ್.ಡಿ.ಗೆ ಹೋಯಿತು. ಟ್ಯೂಷನ್ ಬೆನಿಫಿಟ್ ಇರುವ ಮೂರನೇ ಗುಂಪಿನವರು ಕಣ್ಣು ಮುಚ್ಚಿ ಎಡ್.ಡಿ. ಮಾಡಬಹುದು. ಬೆನಿಫಿಟ್ ಇಲ್ಲದೆ, ಇಲ್ಲಿನ ಕಾಲೇಜಿನಲ್ಲಿ ಒಂದು ದಿನವೂ ಕೆಲಸ ಮಾಡದೆ ಎಡ್.ಡಿ.ಗೆ ಸೇರುವುದು ಅಡುಗೆಮನೆಯೇ ಇಲ್ಲದೆ ಗ್ರೈಂಡರ್ ತಂದಂತೆ.

ಪಿಎಚ್.ಡಿ. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳಲ್ಲಿ ಪೂರ್ಣಾವಧಿ. ಫೀಸು ಮಾಫಿ, ಜೊತೆಗೆ ಸ್ಟೈಪೆಂಡ್, ನಾಲ್ಕೈದು ವರ್ಷ. ಸೀಟು ಬೆರಳೆಣಿಕೆ. 2025ರಲ್ಲಿ ಕೇಂದ್ರದ ಹಣ ನಿಂತದ್ದರಿಂದ ಎಷ್ಟೋ ಕಡೆ ಹೊಸ ಪ್ರವೇಶ ಇನ್ನೂ ಕಡಿಮೆಯಾಯಿತು. ಸ್ಟೈಪೆಂಡ್ ಇಲ್ಲದ ಪಿಎಚ್.ಡಿ. ಆಫರ್ ಬಂದರೆ ನಾನಾದರೆ ಕೈಮುಗಿದು ಬೇಡ ಅನ್ನುತ್ತೇನೆ.

ಊರಿಗೆ ಹೋಗಿ ಪಾಠ ಮಾಡುವ ಯೋಚನೆ ಇದ್ದವರಿಗೆ ಪಿಎಚ್.ಡಿ. ಬಿಟ್ಟು ಬೇರೆ ಮಾತಿಲ್ಲ. ಯುಜಿಸಿಯ 2018ರ ನಿಯಮದಂತೆ, ಪ್ರಮುಖ ಜಾಗತಿಕ ರ‍್ಯಾಂಕಿಂಗಿನ ಮೊದಲ 500ರೊಳಗಿನ ವಿದೇಶಿ ವಿಶ್ವವಿದ್ಯಾಲಯದ ಪಿಎಚ್.ಡಿ.ಗೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ನೆಟ್ ಬೇಕಿಲ್ಲ. ಆದರೆ ಅದು ಶಿಕ್ಷಣ ವಿಭಾಗದ ಹುದ್ದೆಗೆ. ಕೆಮಿಸ್ಟ್ರಿ ಲೆಕ್ಚರರ್ ಇದನ್ನು ಮುಗಿಸಿಕೊಂಡು ಕೆಮಿಸ್ಟ್ರಿ ಹುದ್ದೆಗೆ ಅರ್ಜಿ ಹಾಕಲು ಬರುವುದಿಲ್ಲ.

ದುಡ್ಡು, ವೀಸಾ

ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು, ಹಾಗಾಗಿ ಅಸಿಸ್ಟೆಂಟ್‌ಶಿಪ್ ಹಿಡಿಯಬಹುದು. ಎಚ್-4ನವರು ಓದಬಹುದು, ಆದರೆ ಕೆಲಸದ ಪರವಾನಗಿ ಇಲ್ಲದೆ ಅಸಿಸ್ಟೆಂಟ್‌ಶಿಪ್ ಇಲ್ಲ. ಅಂದರೆ ಫೀಸು ಮಾಫಿಯ ಬಾಗಿಲೇ ಮುಚ್ಚಿದಂತೆ. ಇದು ತಿಳಿಯದೆ ಆಫರ್ ಒಪ್ಪಿ ಆಮೇಲೆ ಅತ್ತವರನ್ನು ನೋಡಿದ್ದೇನೆ. ಎಫ್-1ಗೆ ಬದಲಾಯಿಸಿಕೊಳ್ಳುವುದಾದರೆ ಮೊದಲೇ ವಕೀಲರನ್ನು ಕೇಳಿ.

ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಓಪಿಟಿ ಎಂಬ ಅನುಮತಿ ಸಾಮಾನ್ಯವಾಗಿ 12 ತಿಂಗಳು. ಹೈಯರ್ ಎಜುಕೇಶನ್ ಆಡಳಿತ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ. ಆದರೆ ಶೈಕ್ಷಣಿಕ ಸಂಶೋಧನಾ ವಿಧಾನ, ಅಂಕಿಅಂಶ, ಮೌಲ್ಯಮಾಪನ, ಎಜುಕೇಶನಲ್ ಟೆಕ್ನಾಲಜಿ ಆ ಪಟ್ಟಿಯಲ್ಲಿವೆ. ಅವಕ್ಕೆ ಇನ್ನೂ 24 ತಿಂಗಳು ಸಿಗುತ್ತದೆ. ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಹಾಳೆಯಲ್ಲಿರುವ ಆರಂಕಿಯ ಕೋಡ್ ಇದನ್ನು ತೀರ್ಮಾನಿಸುತ್ತದೆ. ಪಾಠ ಹೆಚ್ಚುಕಡಿಮೆ ಅದೇ, ಕೋಡ್ ಬೇರೆ, ಎರಡು ವರ್ಷದ ವ್ಯತ್ಯಾಸ. ಸೇರುವ ಮೊದಲೇ ಕೋಡ್ ಕೇಳಿ, ನಾಚಿಕೆ ಬೇಡ.

ನಮ್ಮ ಕ್ಷೇತ್ರದ ಒಂದು ಅನುಕೂಲವೆಂದರೆ ವಿಶ್ವವಿದ್ಯಾಲಯಗಳ ಎಚ್-1ಬಿ ಉದ್ಯೋಗ ವೀಸಾಕ್ಕೆ ಲಾಟರಿ ಇಲ್ಲ, ವರ್ಷಕ್ಕೆ 85,000 ಎಂಬ ಮಿತಿಯೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಬಂದ 1 ಲಕ್ಷ ಡಾಲರ್ ಶುಲ್ಕ ಮಾತ್ರ ವಿಶ್ವವಿದ್ಯಾಲಯವೆಂದು ಯಾರನ್ನೂ ಬಿಡಲಿಲ್ಲ. ದೇಶದೊಳಗೇ ಎಫ್-1ನಿಂದ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯಿಸದೆಂದು ಅಕ್ಟೋಬರಿನಲ್ಲಿ ಸ್ಪಷ್ಟನೆ ಬಂತು. ಈ ನಿಯಮಗಳು ಮಳೆಗಾಲದ ಹವಾಮಾನದಂತೆ, ಆ ದಿನದ್ದು ಆ ದಿನವೇ ನೋಡಿ.

ಗ್ರೀನ್ ಕಾರ್ಡ್ ಆದವರು ಸಾಲದ ಹೊಸ ಕಾನೂನು ನೋಡಿಕೊಳ್ಳಿ. 2025ರ ಜುಲೈ 4ರಂದು ಸಹಿಯಾದ ಕಾಯ್ದೆಯಂತೆ, 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ ಎಂಬ ಕೇಂದ್ರದ ಗ್ರಾಜುಯೇಟ್ ವಿದ್ಯಾರ್ಥಿ ಸಾಲ ಇಲ್ಲ. ಸಾಮಾನ್ಯ ಗ್ರಾಜುಯೇಟ್ ಪದವಿಗಳಿಗೆ ಕೇಂದ್ರದ ಸಾಲ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರಿಗೆ ನಿಲ್ಲುತ್ತದೆ. ದುಬಾರಿ ಎಡ್.ಡಿ.ಗಳ ಲೆಕ್ಕ ಇದರಿಂದ ತಲೆಕೆಳಗಾಗುತ್ತದೆ.

ಆಫರ್ ಪತ್ರ ಬಂದ ಮೇಲೆ ಅವಸರ ಬೇಡ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು, ಆರ್ಥಿಕ ನೆರವಿನ ಆಫರ್‌ಗೆ ಏಪ್ರಿಲ್ 15ಕ್ಕಿಂತ ಮೊದಲೇ ಉತ್ತರಿಸಬೇಕೆಂದು ಒತ್ತಾಯಿಸುವಂತಿಲ್ಲ. ಅಷ್ಟರಲ್ಲಿ ಅಲ್ಲಿ ಎರಡನೇ ವರ್ಷ ಓದುತ್ತಿರುವ ಯಾರನ್ನಾದರೂ ಹಿಡಿದು ಫೋನಿನಲ್ಲಿ ಮಾತಾಡಿ. ನನ್ನ ಪತ್ರದಲ್ಲಿ ಟ್ಯೂಷನ್ ಪೂರ್ತಿ ಮಾಫಿ ಎಂದಿತ್ತು. ಟೆಕ್ನಾಲಜಿ ಫೀ, ಜಿಮ್ ಫೀ, ಹೆಲ್ತ್ ಇನ್ಶೂರೆನ್ಸ್ ಟ್ಯೂಷನ್ ಅಲ್ಲ ಎಂದು ಗೊತ್ತಾದದ್ದು ಮೊದಲ ಸೆಮಿಸ್ಟರಿನ ಬಿಲ್ ಬಂದಾಗ. ನಾನು ಆ ಎರಡು ವರ್ಷ ಜಿಮ್ಮಿನ ಬಾಗಿಲನ್ನೂ ನೋಡಲಿಲ್ಲ, ಫೀಸು ನಾಲ್ಕು ಸಲ ಕಟ್ಟಿದೆ. ಆದ್ದರಿಂದ ಮೂರು ಮಾತು ಕೇಳಿ: ಎಲ್ಲ ಕಳೆದು ತಿಂಗಳಿಗೆ ಕೈಗೆ ಬರುವುದೆಷ್ಟು, 20 ಗಂಟೆ ಎಂದು ಬರೆದಿರುವುದು ನಿಜವಾಗಿ ಎಷ್ಟು ಗಂಟೆ, ಹೋದ ವರ್ಷ ಮುಗಿಸಿದವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ. ಮೂರನೆಯದಕ್ಕೆ ಅವರು ಸ್ವಲ್ಪ ಹೊತ್ತು ಸುಮ್ಮನಾದರೆ ಇನ್ನೊಂದು ಆಫರ್ ಕಡೆ ನೋಡಿ.